ನಾಲ್ಕು ಬಾಟಲಿ, ಒಂದು ರಸೀದಿ: ಹಾಲಿನ ಮಾದರಿಯ ಒಂದು ಪ್ರಕರಣ

ಈ ಪ್ರಕರಣದಲ್ಲಿ ನಾನು ಹಾಲಿನವರ ಕಡೆಯ ವಕೀಲ. ಊರು, ತಾಲ್ಲೂಕು, ಮನೆಮಂದಿಯ ಗುರುತು ಹತ್ತುವಂಥ ವಿವರಗಳನ್ನೆಲ್ಲ ಬದಲಾಯಿಸಿದ್ದೇನೆ. ಬರೆಯುವುದಕ್ಕೆ ಕಕ್ಷಿದಾರರ ಒಪ್ಪಿಗೆ ಇದೆ. ಹೆಸರಿನ ಬದಲು ಅವರನ್ನು ‘ಯಜಮಾನರು’ ಎನ್ನುತ್ತೇನೆ. ಬೀದಿಯಲ್ಲೂ ಅವರನ್ನು ಎಲ್ಲರೂ ಕರೆಯುವುದು ಹಾಗೆಯೇ.

ಹಿನ್ನೆಲೆ

ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಕೇಂದ್ರ. ಯಜಮಾನರದು 26 ವರ್ಷದ ಹಾಲಿನ ವ್ಯಾಪಾರ. ಸುತ್ತಲ ಎರಡು ಹಳ್ಳಿಯ 31 ಮನೆಗಳಿಂದ ದಿನಕ್ಕೆ ಸುಮಾರು 240 ಲೀಟರ್ ಹಾಲು ಬರುತ್ತಿತ್ತು. 140 ಮನೆಗಳಿಗೆ ವರ್ತನೆ (ದಿನನಿತ್ಯದ ಖಾಯಂ ಹಾಲು), ಉಳಿದದ್ದು ಅಂಗಡಿಯಲ್ಲಿ ಬಿಡಿ ಮಾರಾಟ. ಆಹಾರ ಸುರಕ್ಷತಾ ಇಲಾಖೆಯ ನೋಂದಣಿ ಪತ್ರ ಗೋಡೆಯ ಮೇಲಿತ್ತು, ಅದರ ಕೆಳಗೆ ದೇವರ ಪಟ.

ಊರಲ್ಲಿ ಸಂಘದ ಡೇರಿ ಇದ್ದೂ ರೈತರು ಇವರಿಗೆ ಯಾಕೆ ಹಾಕುತ್ತಿದ್ದರು? ಸಂಘದಲ್ಲಿ ಫ್ಯಾಟು (ಜಿಡ್ಡು), ಡಿಗ್ರಿ (ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರಿನ ಅಂಕಿ) ನೋಡಿ ದರ ಕೊಡುತ್ತಾರೆ. ಯಜಮಾನರದು ಒಂದೇ ದರ, ವಾರಕ್ಕೊಮ್ಮೆ ಕೈಗೆ ದುಡ್ಡು, ಹಿಂಡಿ-ಬೂಸಕ್ಕೆ ಮುಂಗಡ, ಮಗಳ ಮದುವೆ ಎಂದರೆ ಇನ್ನೊಂದಿಷ್ಟು. ಹಾಗಾಗಿ ಸಂಘದಲ್ಲಿ ‘ಡಿಗ್ರಿ ಬರ್ಲಿಲ್ಲ’ ಎಂದು ವಾಪಸಾದ ಹಾಲು ಕೂಡ ಒಮ್ಮೊಮ್ಮೆ ಇವರ ಕ್ಯಾನಿಗೆ ಬೀಳುತ್ತಿತ್ತು. ಯಜಮಾನರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಒಂದು ಹನಿ ಹೆಬ್ಬೆರಳಿನ ಉಗುರಿನ ಮೇಲೆ ಬಿಟ್ಟು ಹಾಲು ನೋಡುವವರು ಅವರು. ಲ್ಯಾಕ್ಟೋಮೀಟರ್ ಇತ್ತು, ಮೊಳೆಗೆ ನೇತುಹಾಕಿದ ಚೀಲದಲ್ಲಿ.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮ ಹೇಳಲೇಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ ರೈತನ ಕೈಯಲ್ಲಿರುವ ಹಾಲು ‘ಆಹಾರ’ದ ವ್ಯಾಖ್ಯೆಯೊಳಗೆ ಬರುವುದಿಲ್ಲ. ರೈತನಲ್ಲದ ಇನ್ನೊಬ್ಬರ ಕೈಗೆ ಬಂದ ಕ್ಷಣ ಅದು ಆಹಾರ. 31 ಕೊಟ್ಟಿಗೆಯಲ್ಲಿ ಏನೇ ನಡೆದಿರಲಿ, ಕಾಯ್ದೆ ಮೊದಲು ಹಿಡಿಯುವುದು ಕ್ಯಾನ್ ಇಳಿಸಿಕೊಂಡವರನ್ನು. 1954ರ ಹಳೆಯ ಕಲಬೆರಕೆ ತಡೆ ಕಾಯ್ದೆಯಲ್ಲಿ, ಮನುಷ್ಯನ ಹತೋಟಿ ಮೀರಿದ ನೈಸರ್ಗಿಕ ಕಾರಣದಿಂದಷ್ಟೇ ಗುಣಮಟ್ಟ ಇಳಿದಿದ್ದರೆ ಅದನ್ನು ಕಲಬೆರಕೆ ಎನ್ನಬಾರದು ಎಂಬ ರಿಯಾಯಿತಿ ಇತ್ತು. ಹೊಸ ಕಾಯ್ದೆಯ ‘ಕಳಪೆ ಗುಣಮಟ್ಟ’ದ ವ್ಯಾಖ್ಯೆಯಲ್ಲಿ ಅಂಥ ಮಾತಿಲ್ಲ. ನಿಗದಿ ಮಾಡಿದ ಅಂಕಿ ಮುಟ್ಟಲಿಲ್ಲ, ಆದರೆ ಆರೋಗ್ಯಕ್ಕೆ ಅಪಾಯವೂ ಇಲ್ಲ ಎಂದರೆ ಕಳಪೆ. ಅಷ್ಟೇ.

ಆ ಬೆಳಿಗ್ಗೆ

2024ರ ಏಪ್ರಿಲ್. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ಹಸಿ ಮೇವಿಲ್ಲ, ಬಿಸಿಲು ವಿಪರೀತ. ಊರಿನ ವಾಟ್ಸಾಪ್ ಗುಂಪಿನಲ್ಲಿ ಒಂದು ವಿಡಿಯೋ ಓಡಾಡಿತು. ಯಾರೋ ಹುಡುಗ ಬಾಟಲಿಯಲ್ಲಿ ಹಾಲು ಅಲ್ಲಾಡಿಸುತ್ತಾನೆ, ನೊರೆ ಬರುತ್ತದೆ, ‘ಸೋಪಿನ ಪುಡಿ ಹಾಕಿದ ಹಾಲು’ ಎಂದು ಶೀರ್ಷಿಕೆ. ಬಾಟಲಿಯಲ್ಲಿ ಜೋರಾಗಿ ಅಲ್ಲಾಡಿಸಿದರೆ ಎಂಥ ಒಳ್ಳೆಯ ಹಾಲೂ ನೊರೆಯುತ್ತದೆ ಎಂದು ಯಾರೂ ಕೇಳಲಿಲ್ಲ. ಮೂರನೇ ದಿನ ಬೆಳಿಗ್ಗೆ 6.40ಕ್ಕೆ ಆಹಾರ ಸುರಕ್ಷತಾಧಿಕಾರಿ ಅಂಗಡಿಗೆ ಬಂದರು.

ಅವರು ಮಾಡಿದ್ದೆಲ್ಲ ಕ್ರಮವಾಗಿಯೇ ಇತ್ತು. ಇದನ್ನು ಎದುರು ಪಕ್ಷದ ವಕೀಲನಾಗಿಯೇ ಹೇಳುತ್ತಿದ್ದೇನೆ. ನೋಟಿಸ್ ಕೊಟ್ಟರು, ಪಕ್ಕದ ಅಂಗಡಿಯವರನ್ನು ಸಾಕ್ಷಿಗೆ ಕರೆದರು, ಕ್ಯಾನಿನ ಹಾಲನ್ನು ಅಳತೆಯ ಪಾತ್ರೆಯಿಂದ ಮೇಲೆತ್ತಿ ಸುರಿದು ಬೆರೆಸಿದರು, ಎರಡು ಲೀಟರ್ ದುಡ್ಡು ಕೊಟ್ಟು ಕೊಂಡು ರಸೀದಿ ಕೇಳಿದರು. ಯಜಮಾನರ ಹೆಂಡತಿ ತಮ್ಮ ಪುಸ್ತಕದಿಂದ ರಸೀದಿ ಹರಿದುಕೊಟ್ಟರು. ಹಾಲು ನಾಲ್ಕು ಬಾಟಲಿಗೆ ಹೋಯಿತು. ಪ್ರತಿ ಬಾಟಲಿಗೆ ಫಾರ್ಮಲಿನ್, 25 ಮಿಲಿಗೆ ಎರಡು ಹನಿಯ ಲೆಕ್ಕದಲ್ಲಿ ಅರ್ಧ ಲೀಟರಿಗೆ 40 ಹನಿ. ಸಹಾಯಕ ಜೋರಾಗಿ ಎಣಿಸಿಕೊಂಡು ಬಿಟ್ಟ. ಮಾದರಿ ಲ್ಯಾಬ್ ಮುಟ್ಟುವವರೆಗೆ ಒಡೆಯಬಾರದೆಂದು ನಿಯಮವೇ ಹೇಳುವ ಕೆಲಸ ಇದು. ಆದರೆ ಬಾಗಿಲಲ್ಲಿ ನಿಂತು ನೋಡಿದ ಮನೆಯವರಿಗೆ ಕಂಡದ್ದು ಬೇರೆ. “ಅವ್ರೇ ಕೆಮಿಕಲ್ ಹಾಕ್ಬಿಟ್ರು ಸಾರ್, ನಾನೇ ಕಣ್ಣಾರೆ ನೋಡಿದೀನಿ” ಎಂದು ಆ ತಾಯಿ ನನಗೆ ಕನಿಷ್ಠ ಐದು ಸಲ ಹೇಳಿದ್ದಾರೆ. ಬಾಟಲಿಗೆ ಏನು, ಯಾಕೆ ಹಾಕುತ್ತಿದ್ದೇವೆಂದು ಅಲ್ಲೇ ಅರ್ಧ ನಿಮಿಷ ವಿವರಿಸಿದ್ದರೆ, ಮುಂದೆ ಎರಡು ತಿಂಗಳು ನಾನು ಆ ಅನುಮಾನದ ಜೊತೆ ಗುದ್ದಾಡಬೇಕಿರಲಿಲ್ಲ.

ನಾಲ್ಕು ಬಾಟಲಿಯಲ್ಲಿ ಒಂದು ಆಹಾರ ವಿಶ್ಲೇಷಕರಿಗೆ, ಎರಡು ಅಂಕಿತಾಧಿಕಾರಿಯ (ಆಹಾರ ಸುರಕ್ಷತಾಧಿಕಾರಿಯ ಮೇಲಧಿಕಾರಿ) ಸುಪರ್ದಿಗೆ. ನಾಲ್ಕನೆಯದನ್ನು, ವ್ಯಾಪಾರಿ ಕೇಳಿದರೆ, ಅವನದೇ ಖರ್ಚಿನಲ್ಲಿ ಮಾನ್ಯತೆ ಪಡೆದ ಬೇರೆ ಲ್ಯಾಬಿಗೆ ಕಳಿಸಬೇಕು. ಎರಡು ಲ್ಯಾಬಿನ ವರದಿ ಹೊಂದದಿದ್ದರೆ ರೆಫರಲ್ ಲ್ಯಾಬಿನ ಮಾತೇ ಕೊನೆ. ಅಧಿಕಾರಿ ಕೇಳಿದರಂತೆ. ಯಜಮಾನರು “ನಮ್ದೇನೂ ತಪ್ಪಿಲ್ಲ, ಎಲ್ಲಾ ನೀವೇ ತಗೊಂಡೋಗಿ” ಎಂದರಂತೆ. ತಪ್ಪಿಲ್ಲದವನಿಗೇ ಆ ನಾಲ್ಕನೇ ಬಾಟಲಿ ಬೇಕಾಗುವುದು. ಆದರೆ ಬೆಳಗಿನ ಏಳು ಗಂಟೆಗೆ, ವರ್ತನೆ ಮನೆಯವರು ಪಾತ್ರೆ ಹಿಡಿದು ಸಾಲುಗಟ್ಟಿ ನೋಡುತ್ತಿರುವಾಗ, ಯಾರಿಗೂ ಹಾಗೆ ತೋಚುವುದಿಲ್ಲ.

ಠಾಣೆಯ ಸುತ್ತು

ವರದಿ ಬರುವ ಮೊದಲೇ ಇನ್ನೊಂದು ಗೋಜಲು ಶುರುವಾಯಿತು. ಒಂದು ಸಂಘಟನೆಯವರು ಠಾಣೆಗೆ ಹೋಗಿ ದಂಡ ಸಂಹಿತೆಯ ಆಹಾರ ಕಲಬೆರಕೆಯ ಸೆಕ್ಷನ್ 272, 273ರಡಿ ಕೇಸು ದಾಖಲಿಸಿ ಎಂದು ಕೂತರು. ಆಗಿನ್ನೂ ಹಳೆಯ ಸಂಹಿತೆಯೇ ಜಾರಿಯಲ್ಲಿತ್ತು. ಅದೃಷ್ಟಕ್ಕೆ ಎರಡು ತಿಂಗಳ ಹಿಂದಷ್ಟೇ, 2024ರ ಫೆಬ್ರವರಿಯಲ್ಲಿ, ರಾಮ್‌ನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದಿತ್ತು: ಆಹಾರ ಸುರಕ್ಷತಾ ಕಾಯ್ದೆಯ ಸೆಕ್ಷನ್ 89 ಉಳಿದ ಕಾನೂನುಗಳನ್ನು ಮೀರಿ ನಿಲ್ಲುತ್ತದೆ, ಆದ್ದರಿಂದ ಇದೇ ವಿಷಯಕ್ಕೆ ದಂಡ ಸಂಹಿತೆಯಡಿ ಜೊತೆಜೊತೆಗೆ ಮೊಕದ್ದಮೆ ನಡೆಸುವಂತಿಲ್ಲ. ತೀರ್ಪಿನ ಪ್ರತಿ ತೆಗೆದುಕೊಂಡು ಹೋದೆ. ಸಬ್ ಇನ್‌ಸ್ಪೆಕ್ಟರ್ ಓದಿ, ದೂರನ್ನು ಆಹಾರ ಇಲಾಖೆಗೆ ಕಳಿಸಿದರು. ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಹಾಗೆ ಮುಗಿಯದಿದ್ದರೆ ಯಜಮಾನರು ಜಾಮೀನಿಗೆ ಓಡಾಡುತ್ತಿದ್ದರು, ಆಮೇಲೆ ಹೇಳುವ ಯಾವ ತಂತ್ರಕ್ಕೂ ಸಮಯ ಇರುತ್ತಿರಲಿಲ್ಲ.

ವರದಿ

ಸೋಪಿನ ಪುಡಿ ಇಲ್ಲ. ಯೂರಿಯಾ ಮಿತಿಯೊಳಗೆ. ಪಿಷ್ಟ, ಸಕ್ಕರೆ ಇಲ್ಲ. ಜಿಡ್ಡು 3.6%. ಜಿಡ್ಡೇತರ ಘನಾಂಶ, ಅಂದರೆ ಡೇರಿಯವರ ಬಾಯಲ್ಲಿ ಎಸ್‌ಎನ್‌ಎಫ್, 8.1. ಅಭಿಪ್ರಾಯ: ಕಳಪೆ ಗುಣಮಟ್ಟ. ಹೋಲಿಸಿದ ಎಸ್‌ಎನ್‌ಎಫ್ ಅಂಕಿ: 9.0.

ಈ ವರದಿಯನ್ನು ಯಜಮಾನರು 22 ದಿನ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದರು. ವಿಶ್ಲೇಷಕರ ವರದಿಯ ಮೇಲೆ ಅಂಕಿತಾಧಿಕಾರಿಗೆ ಮೇಲ್ಮನವಿ ಹಾಕಲು ಇರುವುದು 30 ದಿನ. ನನ್ನ ಕೈಗೆ ಬಂದಾಗ ಎಂಟು ದಿನ ಉಳಿದಿತ್ತು.

9.0 ನೋಡಿ ನನಗೆ ಮೊದಲು ಅರ್ಥವಾಗಲಿಲ್ಲ. ಹಸುವಿನ ಹಾಲಿಗೆ ದೇಶಕ್ಕೆಲ್ಲ ಒಂದೇ ಮಾನದಂಡ: ಜಿಡ್ಡು 3.2, ಎಸ್‌ಎನ್‌ಎಫ್ 8.3. 9.0 ಎಮ್ಮೆಯದು. ಇಡೀ ತಾಲ್ಲೂಕಿನಲ್ಲಿ ಎಮ್ಮೆ ಹುಡುಕಿಕೊಂಡು ಹೋಗಬೇಕಾದ ಕಾಲದಲ್ಲಿ ಎಮ್ಮೆಯ ಅಳತೆಗೋಲು ಎಲ್ಲಿಂದ ಬಂತು? ಕಡತದ ಪ್ರತಿ ತೆಗೆಸಿದಾಗ ಗೊತ್ತಾಯಿತು. ವಿಶ್ಲೇಷಕರಿಗೆ ಹೋದ ಮೆಮೊದಲ್ಲಿ ಮಾದರಿಯ ಹೆಸರು ‘ಹಾಲು (ಬಿಡಿ)’ ಎಂದಷ್ಟೇ ಇತ್ತು. ಯಾವ ವರ್ಗದ ಹಾಲೆಂದು ಹೇಳದೆ ಮಾರಿದರೆ ಎಮ್ಮೆ ಹಾಲಿನ ಮಾನದಂಡವೇ ಅನ್ವಯಿಸುತ್ತದೆ ಎಂದು ನಿಯಮಾವಳಿ ಹೇಳುತ್ತದೆ. ವಿಶ್ಲೇಷಕರು ತಪ್ಪು ಮಾಡಿರಲಿಲ್ಲ, ಕೈಗೆ ಬಂದ ಕಾಗದ ಓದಿದ್ದರು.

ಹಾಲನ್ನು ಸರಿಯಾಗಿ ಕಲಕಲಿಲ್ಲ ಎಂಬ ವಾದ ಹೂಡಿ ಎಂದು ಯಜಮಾನರಿಗೆ ಯಾರೋ ಹೇಳಿಕೊಟ್ಟಿದ್ದರು. ಹಳೆಯ ಕಾಯ್ದೆಯಡಿ ಅದೆಷ್ಟೋ ಹಾಲಿನ ಕೇಸು ಈ ಒಂದು ವಾದದ ಮೇಲೆ ಬಿದ್ದುಹೋಗಿವೆ. ಇಲ್ಲಿ ಅದನ್ನು ಬಿಟ್ಟೆ. ಕಲಕದ ಹಾಲಿನಲ್ಲಿ ಕೆನೆ ಮೇಲೆ ನಿಲ್ಲುತ್ತದೆ, ಏರುಪೇರಾಗುವುದು ಮುಖ್ಯವಾಗಿ ಜಿಡ್ಡು. ಹಸುವಿನ ಹಾಲಿನ ಲೆಕ್ಕದಲ್ಲಿ ನಮ್ಮ ಜಿಡ್ಡು ಸರಿಯಾಗಿಯೇ ಇತ್ತು, ಕೊರತೆ ಎಸ್‌ಎನ್‌ಎಫ್‌ನದು. ಕಲಕಿದ್ದು ಪಂಚನಾಮೆಯಲ್ಲೂ ಇತ್ತು, ಕಲಕಿದ್ದೂ ನಿಜ.

‘ಕೊರತೆ ಅತ್ಯಲ್ಪ’ ಎಂಬ ವಾದವನ್ನೂ ಕೈಬಿಟ್ಟೆ. 2019ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್, 1995ರಲ್ಲಿ ಉತ್ತರ ಪ್ರದೇಶದಲ್ಲಿ ತೆಗೆದ ಒಂದು ಹಾಲಿನ ಮಾದರಿಯ ಪ್ರಕರಣದಲ್ಲಿ (ಎಸ್‌ಎನ್‌ಎಫ್ 8.5 ಇರಬೇಕಾದಲ್ಲಿ 7.7), ಮಾನದಂಡ ಇದ್ದ ಮೇಲೆ ಅದನ್ನು ಮುಟ್ಟಲೇಬೇಕು, ಸ್ವಲ್ಪ ಕಡಿಮೆ ಎಂಬುದು ಬಿಡುಗಡೆಗೆ ಕಾರಣವಲ್ಲ ಎಂದಿದೆ. 24 ವರ್ಷದ ನಂತರವೂ ಶಿಕ್ಷೆ ಉಳಿಯಿತು. ಅದು ಹಳೆಯ ಕಾಯ್ದೆಯ ಪ್ರಕರಣ, ಆದರೂ ಆ ಬಾಗಿಲು ತಟ್ಟುವುದರಲ್ಲಿ ಅರ್ಥವಿರಲಿಲ್ಲ.

ಉಳಿದದ್ದು ರಸೀದಿ. ಅಧಿಕಾರಿ ಕೇಳಿ ಪಡೆದ, ಅವರದೇ ಕಡತದ ಏಳನೇ ಪುಟದಲ್ಲಿದ್ದ, ಮನೆಯಾಕೆ ಹರಿದುಕೊಟ್ಟ ತಿಳಿಗುಲಾಬಿ ಚೀಟಿ. ಅದರ ತಲೆಯಲ್ಲಿ ಅಚ್ಚಾಗಿತ್ತು: ‘ಶುದ್ಧ ಹಸುವಿನ ಹಾಲು ದೊರೆಯುತ್ತದೆ’. ಕೆಳಗೆ ಪೆನ್ನಿನಲ್ಲಿ, ‘ಹ. ಹಾಲು 2 ಲೀ’.

“ಐಸ್ ಹಾಕ್ತೀವಿ ಅಷ್ಟೇ”

ಮೇಲ್ಮನವಿ ಬರೆಯುವ ಮುಂಚೆ ಒಂದು ಸಂಜೆ ಅವರ ಅಂಗಡಿಯಲ್ಲೇ ಕೂತೆ. ನನಗೆ ಕೊರೆಯುತ್ತಿದ್ದದ್ದು ಎಮ್ಮೆಯ 9.0 ಅಲ್ಲ, ಹಸುವಿನ 8.3. ಅದನ್ನೂ ಈ ಹಾಲು ಮುಟ್ಟಿರಲಿಲ್ಲ. ಒಂದು ಕ್ಯಾನಿಗೆ 40 ಲೀಟರ್. 8.3 ಇದ್ದ ಹಾಲಿಗೆ ಒಂದೇ ಒಂದು ಲೀಟರ್ ನೀರು ಸೇರಿದರೆ ಸರಿಯಾಗಿ 8.1ಕ್ಕೆ ಇಳಿಯುತ್ತದೆ. ಲೆಕ್ಕ ಹಾಕಿ ತೋರಿಸಿದೆ.

ಯಜಮಾನರು ದೇವರ ಪಟದ ಕಡೆ ಕೈ ತೋರಿಸಿ ಆಣೆ ಮಾಡಿದರು. 25ರ ಆಸುಪಾಸಿನ ಮಗ, ಬೈಕಿನಲ್ಲಿ ಹಳ್ಳಿಗೆ ಹೋಗಿ ಹಾಲು ತರುವವನು, ಸ್ವಲ್ಪ ಹೊತ್ತು ನೆಲ ನೋಡಿ ಹೇಳಿದ: “ನೀರು ಹಾಕಲ್ಲ ಸಾರ್. ಬೇಸಿಗೇಲಿ ಐಸ್ ಹಾಕ್ತೀವಿ ಅಷ್ಟೇ. ಇಲ್ದಿದ್ರೆ ಬರೋಷ್ಟ್ರಲ್ಲಿ ಒಡ್ದೋಗುತ್ತೆ.”

ಕ್ಯಾನಿಗೆ ಒಂದು ಕೆಜಿಯಷ್ಟು. ಊರಾಚೆಯ ಐಸ್ ಫ್ಯಾಕ್ಟರಿಯಿಂದ. ಇದು ಅವನಿಗೆ ಕಲಬೆರಕೆ ಅನ್ನಿಸಿಯೇ ಇರಲಿಲ್ಲ, ಹಾಲು ಉಳಿಸುವ ಉಪಾಯ ಅನ್ನಿಸಿತ್ತು. ನಾನು ಇದನ್ನು ನಂಬುತ್ತೇನೆ. ಊರಿಗೆ ಊರೇ ಸೋಪಿನ ಪುಡಿ, ಯೂರಿಯಾ ಎಂದು ಬೆದರಿ ಕೂತಿರುವಾಗ ಕ್ಯಾನಿನಲ್ಲಿ ಆಗುವುದು ಬಹುಪಾಲು ಇಂಥದ್ದೇ. 2018ರ ರಾಷ್ಟ್ರೀಯ ಹಾಲು ಸಮೀಕ್ಷೆಯಲ್ಲಿ 6,432 ಮಾದರಿಗಳ ಪೈಕಿ ಕಲಬೆರಕೆಯಿಂದ ಅಸುರಕ್ಷಿತವಾದದ್ದು 12 ಮಾತ್ರ. ಜಿಡ್ಡು, ಎಸ್‌ಎನ್‌ಎಫ್‌ನಂಥ ಗುಣಮಟ್ಟದಲ್ಲಿ ಎಡವಿದವು 41% ಆಸುಪಾಸು. 2011ರ ಸಮೀಕ್ಷೆಯ 68.4% ಎಂಬ ಅಂಕಿಯನ್ನು ಜನ ಇಂದಿಗೂ ‘ವಿಷದ ಹಾಲು’ ಎಂದು ಹಂಚುತ್ತಾರೆ. ಅದು ಮಾನದಂಡ ಮುಟ್ಟದ ಮಾದರಿಗಳ ಲೆಕ್ಕ, ನೀರು ಬೆರೆತದ್ದೂ ಅದರಲ್ಲೇ ಸೇರಿತ್ತು.

ಹಾಗೆಂದು ಐಸ್ ಮುಗ್ಧ ವಿಷಯವೂ ಅಲ್ಲ. ಆ ಫ್ಯಾಕ್ಟರಿಯ ಗಿರಾಕಿಗಳಲ್ಲಿ ಮೀನಿನವರೇ ಹೆಚ್ಚು. ಅದರ ನೀರು ಎಲ್ಲಿಯದೆಂದು ಕೇಳಿದವರಿಲ್ಲ. ಒಪ್ಪಿಕೊಂಡರೆ ಕಳಪೆ ಗುಣಮಟ್ಟಕ್ಕೆ ದಂಡ ಹಾಕುವ ಸೆಕ್ಷನ್ 51ರ ಜೊತೆಗೆ, ನೈರ್ಮಲ್ಯವಿಲ್ಲದ ತಯಾರಿಕೆಯ ಸೆಕ್ಷನ್ 56 ಕೂಡ ತಲೆಗೆ ಸುತ್ತಿಕೊಳ್ಳಬಹುದಿತ್ತು. ಒಪ್ಪದೆ ಇದ್ದರೆ? ‘ಮಾಲೀಕರಿಗೆ ತಿಳಿಯದೆ ಆದದ್ದು’ ಎಂಬುದು ದಂಡ ಇಳಿಸಲು ಸೆಕ್ಷನ್ 49ರಲ್ಲಿರುವ ಒಂದು ಅಂಶ. ಮಗ ಮಾಡಿದ್ದು, ಅಪ್ಪನಿಗೆ ಗೊತ್ತಿಲ್ಲ ಎನ್ನಬಹುದಿತ್ತು. ಯಜಮಾನರಿಗೂ ಆ ದಾರಿ ಹಿಡಿಸಿತ್ತು. ಅಷ್ಟರಲ್ಲಿ ಅವರ ಖರ್ಚಿನ ಪುಸ್ತಕ ತಿರುವಿದೆ. ಮಾರ್ಚ್ ಮೊದಲ ವಾರದಿಂದ ದಿನಾ ಒಂದು ಸಾಲು, ಅವರದೇ ಕೈಬರಹ: ‘ಐಸು 60’.

ಗೊತ್ತಿಲ್ಲ ಎಂದು ಬರೆದುಕೊಡಲಾರೆ ಎಂದೆ. ಅವರಿಗೆ ಸಿಟ್ಟು ಬಂತು, ಎರಡು ದಿನ ಫೋನ್ ಮಾಡಲಿಲ್ಲ. ಉಳಿದಿದ್ದ ಎಂಟರಲ್ಲಿ ಎರಡು ದಿನ ಹಾಗೆ ಹೋಯಿತು.

ಏನು ಮಾಡಿದೆವು, ಏನಾಯಿತು

ಮೇಲ್ಮನವಿಯಲ್ಲಿ ಒಂದೇ ಅಂಶ ಹಾಕಿದೆವು: ಇದು ಹಸುವಿನ ಹಾಲು, ಇಲಾಖೆಯ ಕಡತದಲ್ಲಿರುವ ರಸೀದಿಯೇ ಅದನ್ನು ಹೇಳುತ್ತದೆ, ಹಸುವಿನ ಮಾನದಂಡದಿಂದ ಅಳೆಯಿರಿ. ಲ್ಯಾಬಿನ ಮೇಲೆ, ಅಧಿಕಾರಿಯ ಮೇಲೆ, ಫಾರ್ಮಲಿನ್ ಮೇಲೆ ಒಂದಕ್ಷರವೂ ಇಲ್ಲ. ಅಂಕಿತಾಧಿಕಾರಿ ರಸೀದಿ ನೋಡಿ, ತಮ್ಮ ಸುಪರ್ದಿಯ ಒಂದು ಬಾಟಲಿಯನ್ನು ರೆಫರಲ್ ಲ್ಯಾಬಿಗೆ ಕಳಿಸಿದರು. ಎಸ್‌ಎನ್‌ಎಫ್ ಅಲ್ಲೂ 8.1 ಬಂತು, ಬರಲೇಬೇಕಿತ್ತು. ಆದರೆ ಈಗ ಅದರ ಎದುರಿಗಿದ್ದದ್ದು 8.3. ಕೊರತೆ 0.9ರಿಂದ 0.2ಕ್ಕೆ ಬಂತು. ಕಳಪೆ ಎಂಬ ಮಾತು ಮಾತ್ರ ಉಳಿಯಿತು.

ಪ್ರಕರಣ ನ್ಯಾಯನಿರ್ಣಯಾಧಿಕಾರಿಯ ಮುಂದೆ ಹೋಯಿತು, ಅಂದರೆ ಅಪರ ಜಿಲ್ಲಾಧಿಕಾರಿ, ಎಡಿಸಿಯವರ ಚೇಂಬರ್. ಜಮೀನಿನ ಕಡತಗಳೆಲ್ಲ ಮುಗಿದ ಮೇಲೆ ಸಂಜೆ ನಾಲ್ಕೂವರೆಗೆ ನಮ್ಮ ಸರದಿ. ಗಿರಾಕಿ ಕೇಳಿದ ಗುಣಮಟ್ಟದ್ದನ್ನು ಕೊಡದಿದ್ದರೆ ಹಾಕುವ ಸೆಕ್ಷನ್ 50ರ ದಂಡಕ್ಕೆ ಸಣ್ಣ ವ್ಯಾಪಾರಿಗಳ ಮಟ್ಟಿಗೆ 25 ಸಾವಿರದ ಮಿತಿ ಇದೆ, ಅದನ್ನು ಇಲ್ಲಿಗೂ ಅನ್ವಯಿಸಿ ಎಂದು ಕೇಳಿದೆ. ಅದು 50ಕ್ಕೆ, ನಿಮ್ಮದು 51, ಇದರಲ್ಲಿ ಐದು ಲಕ್ಷದವರೆಗೆ ಹೋಗಬಹುದು ಎಂದು ಅವರು ಒಪ್ಪಲಿಲ್ಲ. ಕಾಯ್ದೆಯ ಅಕ್ಷರ ಅವರ ಕಡೆಗೇ ಇತ್ತು. ಮುನ್ನೆಚ್ಚರಿಕೆ ವಹಿಸಿದ್ದೆವು ಎಂಬ ಸೆಕ್ಷನ್ 80ರ ರಕ್ಷಣೆಯನ್ನು ಕೇಳಲು ನಮಗೆ ಮುಖವಿರಲಿಲ್ಲ. ಲ್ಯಾಕ್ಟೋಮೀಟರಿನ ಒಂದು ದಿನದ ದಾಖಲೆಯೂ ಇಲ್ಲದೆ ಏನೆಂದು ಕೇಳುವುದು?

ಕೊನೆಗೆ ಐಸಿನ ವಿಷಯ ನಾವೇ ಹೇಳಿದೆವು, ಲಿಖಿತವಾಗಿ. ಜೊತೆಗೆ ಮೂರು ಕಾಗದ: ಹಳೆಯ 300 ಲೀಟರ್ ಕೂಲರ್ ಕೊಂಡ ಬಿಲ್ಲು, ಆರು ವಾರದ ಬೆಳಿಗ್ಗೆ-ಸಂಜೆಯ ಡಿಗ್ರಿ ಪುಸ್ತಕ, ‘ಹಸುವಿನ ಹಾಲು’ ಎಂದು ನೋಂದಣಿ ಸಂಖ್ಯೆ ಸಮೇತ ಬರೆಸಿದ ಬೋರ್ಡಿನ ಫೋಟೋ. ಎಡಿಸಿ ಓದಿ, ಮಗನ ಕಡೆ ತಿರುಗಿ ಕೇಳಿದರು: “ಐಸ್ ಕರಗಿದ ಮೇಲೆ ಏನಾಗುತ್ತಪ್ಪಾ?” ಅವನು “ನೀರು ಸಾರ್” ಎಂದ. ಚೇಂಬರಿನಲ್ಲಿ ಯಾರೂ ನಗಲಿಲ್ಲ.

ದಂಡ 15 ಸಾವಿರ. ಮೊದಲ ತಪ್ಪು, ಲಾಭದ ಉದ್ದೇಶ ಕಾಣುವುದಿಲ್ಲ, ತಿದ್ದಿಕೊಂಡಿದ್ದಾರೆ ಎಂದು ಆದೇಶದಲ್ಲಿ ಬರೆದರು. ಸೆಕ್ಷನ್ 56ರ ಮಾತು ಬರಲಿಲ್ಲ. ಬರಬಹುದಿತ್ತು. ನನ್ನ ಜೊತೆ ಅಭ್ಯಾಸ ಮಾಡಿದ ಗೆಳೆಯನೊಬ್ಬ ಇಂದಿಗೂ ಹೇಳುತ್ತಾನೆ, ಅದೃಷ್ಟವನ್ನು ನೀನು ತಂತ್ರ ಅಂದ್ಕೊಂಡಿದೀಯ ಎಂದು. ಅವನ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಬೇರೆ ಅಧಿಕಾರಿ, ಬೇರೆ ದಿನ, ಐಸಿನ ನೀರಿನ ಪರೀಕ್ಷೆಗೆ ಆದೇಶ ಬಂದಿದ್ದರೆ ಈ ಬರಹದ ಧಾಟಿಯೇ ಬೇರೆ ಇರುತ್ತಿತ್ತು. ಇಂಥ ಕೇಸು ಹಿಡಿದ ಕಿರಿಯ ವಕೀಲರು ನನ್ನನ್ನು ಕೇಳಿದರೆ ಮೊದಲು ಮೆಮೊದಲ್ಲಿ ಮಾದರಿಯ ಹೆಸರು ಏನೆಂದು ಬರೆದಿದೆ ನೋಡಿ ಎನ್ನುತ್ತೇನೆ, ಆಮೇಲೆ ಕಕ್ಷಿದಾರರ ಖರ್ಚಿನ ಪುಸ್ತಕ. ಒಪ್ಪಿಕೊಳ್ಳಬೇಕೋ ಬೇಡವೋ ಎಂಬುದನ್ನು ಮಾತ್ರ ಅವರವರೇ ತೀರ್ಮಾನಿಸಬೇಕು.

ಮೇಲಿನ ನ್ಯಾಯಮಂಡಳಿಗೆ ನಾವು ಹೋಗಲಿಲ್ಲ. ದಂಡಕ್ಕಿಂತ ದೊಡ್ಡ ಪೆಟ್ಟು ಬೇರೆ ಕಡೆ ಬಿದ್ದಿತ್ತು. 140 ವರ್ತನೆ ಮನೆಗಳಲ್ಲಿ 60 ಉಳಿದಿದ್ದವು. ‘ಕಳಪೆ’ಗೂ ‘ಅಸುರಕ್ಷಿತ’ಕ್ಕೂ ಕಾಯ್ದೆಯಲ್ಲಿರುವ ಅಂತರ ವಾಟ್ಸಾಪ್ ಗುಂಪಿಗೆ ಗೊತ್ತಿಲ್ಲ. ವಿಡಿಯೋ ಹಾಕಿದವರು ಸೋಪಿನ ಪುಡಿ ಇರಲಿಲ್ಲ ಎಂಬ ವರದಿಯನ್ನು ಹಾಕಲಿಲ್ಲ. ಯಜಮಾನರೇ ಅದನ್ನು ಜೆರಾಕ್ಸ್ ಮಾಡಿಸಿ ಅಂಗಡಿಗೆ ಅಂಟಿಸಿದರು. ಜನ ಅದರಲ್ಲಿ ಓದಿದ್ದು ಕೊನೆಯ ಸಾಲನ್ನು. ಎರಡು ದಿನಕ್ಕೆ ಕಿತ್ತುಹಾಕಿದರು.

ಡಿಗ್ರಿ ನೋಡಿ ದರ ಕೊಡಲು ಶುರು ಮಾಡಿದ ಮೇಲೆ 31 ಮನೆಗಳಲ್ಲಿ ಒಂಬತ್ತು ಬಿಟ್ಟುಹೋದವು. ಮುಂಗಡದ ದುಡ್ಡು ಮೂರು ಮನೆಗಳಿಂದ ಇನ್ನೂ ಬಂದಿಲ್ಲ. ಉಳಿದವರ ಕ್ಯಾನುಗಳನ್ನು ಈಗ ತೊಳೆದು ಮೊಳಕಾಲೆತ್ತರದ ಕಟ್ಟೆಯ ಮೇಲೆ ಬೋರಲು ಹಾಕುತ್ತಾರೆ, ಒಣಗಿದ್ದು ಕೈಯಾಡಿಸಿ ನೋಡಿದ ಮೇಲೆಯೇ ಹಾಲು ಸುರಿಯುವುದು. ನವೆಂಬರಿನಲ್ಲಿ ಅದೇ ಅಧಿಕಾರಿ ಇನ್ನೊಮ್ಮೆ ಮಾದರಿ ತೆಗೆದರು. ಈ ಸಲ ಮೆಮೊದಲ್ಲಿ ‘ಹಸುವಿನ ಹಾಲು’ ಎಂದೇ ಬರೆದರು. ಯಜಮಾನರು ನಾಲ್ಕನೇ ಬಾಟಲಿಯನ್ನು ಬೇರೆ ಲ್ಯಾಬಿಗೆ ಕಳಿಸಿ ಎಂದು ತಾವಾಗಿ ಕೇಳಿದರು, ಶುಲ್ಕ ಕಟ್ಟಿದರು. ಎಸ್‌ಎನ್‌ಎಫ್ ಎರಡು ಕಡೆಯೂ 8.4.

ಕೂಲರ್ ಬಂದ ಮೇಲೆ ಮಗ ಐಸ್ ಫ್ಯಾಕ್ಟರಿ ಕಡೆ ಹೋಗುವುದಿಲ್ಲ. ಕೋರ್ಟಿನ ಕೆಲಸಕ್ಕೆ ಬೆಂಗಳೂರಿನ ಮೊದಲ ಬಸ್ಸು ಹಿಡಿಯುವ ದಿನ ನಾನು ಅದರ ಮುಂದೆ ಹಾದುಹೋಗುತ್ತೇನೆ. ಬೆಳಗಿನ ನಾಲ್ಕೂವರೆಗೆ ಬಾಗಿಲಲ್ಲಿ ಎರಡೋ ಮೂರೋ ಬೈಕು ನಿಂತಿರುತ್ತವೆ, ಎರಡೂ ಪಕ್ಕ ಖಾಲಿ ಕ್ಯಾನು ಕಟ್ಟಿಕೊಂಡು.